ಬ್ರೇಕರಿನ ಸವೆತವೂ ಆಡಳಿತದ ಹೊಣೆಯೂ

ಹೊಸ ವಿದ್ಯುತ್ ಕೇಂದ್ರವೊಂದರ ಪ್ರಾರಂಭೋತ್ಸವಕ್ಕೆ ಮಂತ್ರಿಗಳು ದಯಮಾಡಿಸುತ್ತಾರೆ, ತೋರಣ ಕಟ್ಟುತ್ತಾರೆ, ಭಾಷಣಗಳಾಗುತ್ತವೆ, ಮರುದಿನದ ಪತ್ರಿಕೆಗಳಲ್ಲಿ ಚಿತ್ರಗಳೂ ಪ್ರಕಟವಾಗುತ್ತವೆ. ಇದು ಆಗತಕ್ಕದ್ದೇ. ಆದರೆ ಅದೇ ಕೇಂದ್ರದಲ್ಲಿ ಇಪ್ಪತ್ತು ವರ್ಷಗಳ ತರುವಾಯ ಸವೆದುಹೋದ ಬ್ರೇಕರಿನ ಕಾಂಟ್ಯಾಕ್ಟುಗಳನ್ನು ತೆಗೆದು ಹೊಸವನ್ನು ಕೂಡಿಸಿದ ದಿನ ತೋರಣವೂ ಇಲ್ಲ, ಭಾಷಣವೂ ಇಲ್ಲ. ಆ ಕೆಲಸವು ಸಕಾಲದಲ್ಲಿ ನಡೆದರೆ ಯಾರಿಗೂ ತಿಳಿಯುವುದಿಲ್ಲ. ನಡೆಯದೆ ಹೋದರೆ ಮಾತ್ರ ಒಂದು ದಿನ ಊರಿಗೆ ಊರೇ ತಿಳಿಯಬೇಕಾಗುತ್ತದೆ. ಕಣ್ಣಿಗೆ ಕಾಣದ ಈ ಕೆಲಸಕ್ಕೆ ನಮ್ಮ ಆಡಳಿತದಲ್ಲಿ ಯಾವ ಸ್ಥಾನವಿದೆ, ಯಾವ ಸ್ಥಾನವಿರಬೇಕು ಎಂಬುದನ್ನು ವಾಚಕರ ಮುಂದಿಡುವುದು ಇಂದಿನ ಈ ಲೇಖನದ ಉದ್ದೇಶವಾಗಿದೆ.

ವಿದ್ಯುಚ್ಛಕ್ತಿಯ ವಿಷಯದಲ್ಲಿ ಕನ್ನಡ ನಾಡು ಹಿಂದೆ ಬಿದ್ದ ನಾಡಲ್ಲ. ೧೯೦೨ರಲ್ಲಿ ಶಿವನಸಮುದ್ರದ ಪ್ರವಾಹವು ಸುಮಾರು ೯೨ ಮೈಲು ದೂರದ ಕೋಲಾರದ ಚಿನ್ನದ ಗಣಿಗಳಿಗೆ ತಂತಿಯ ಮೇಲೆ ಹರಿದು ಹೋದಾಗ, ಅಷ್ಟು ಉದ್ದದ ಮಾರ್ಗಗಳು ಜಗತ್ತಿನಲ್ಲಿಯೇ ಬೆರಳೆಣಿಕೆಯಷ್ಟಿದ್ದವು. ೧೯೦೫ರಲ್ಲಿ ಬೆಂಗಳೂರಿಗೆ ದೀಪ ಬಂದಿತು. ೧೯೪೮ರಲ್ಲಿ ಜೋಗದ ನೀರು ಯಂತ್ರಗಳನ್ನು ತಿರುಗಿಸತೊಡಗಿತು. ಹಿರಿಯರು ಕಟ್ಟಿಕೊಟ್ಟುದರ ಮೇಲೆ ನಾವು ಇನ್ನೂ ಎಷ್ಟೋ ಕಟ್ಟಿದ್ದೇವೆ. ಆದರೆ ಕಟ್ಟುವುದು ಒಂದು ವಿದ್ಯೆ, ಕಟ್ಟಿದ್ದನ್ನು ಕಾಪಾಡುವುದು ಇನ್ನೊಂದು ವಿದ್ಯೆ. ಮೊದಲನೆಯದರಲ್ಲಿ ಪಡೆದ ಕೀರ್ತಿಯು ಎರಡನೆಯದರಲ್ಲಿನ ಉದಾಸೀನವನ್ನು ಎಂದಿಗೂ ಮುಚ್ಚಲಾರದು.

ಬ್ರೇಕರು ಎಂದರೇನು ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಅವಶ್ಯ. ಮನೆಯಲ್ಲಿ ತಂತಿ ಕೂಡಿಕೊಂಡಾಗ ಫ್ಯೂಸು ಸುಟ್ಟು ದೀಪ ಆರುವುದನ್ನು ಎಲ್ಲರೂ ಕಂಡಿದ್ದಾರೆ. ೬೬, ೨೨೦, ೪೦೦ ಕಿಲೋವೋಲ್ಟುಗಳ ದೊಡ್ಡ ಮಾರ್ಗಗಳಲ್ಲಿ ಇದೇ ರಕ್ಷಣೆಯ ಕಾರ್ಯವನ್ನು ಮಾಡತಕ್ಕದ್ದು ಸರ್ಕಿಟ್ ಬ್ರೇಕರು. ಮಾರ್ಗದ ಮೇಲೆ ಸಿಡಿಲು ಬಿದ್ದರೆ, ಮರ ಒರಗಿದರೆ, ಇನ್ಸುಲೇಟರು ಒಡೆದರೆ, ರಿಲೇ ಎಂಬ ಕಾವಲುಗಾರನು ಅದನ್ನು ಕಂಡು ಬ್ರೇಕರಿಗೆ ಆಜ್ಞೆ ಮಾಡುತ್ತಾನೆ. ಬ್ರೇಕರು ಕ್ಷಣಾರ್ಧದಲ್ಲಿ ತನ್ನ ಕಾಂಟ್ಯಾಕ್ಟುಗಳನ್ನು ಅಗಲಿಸಿ ಪ್ರವಾಹವನ್ನು ಕಡಿದುಹಾಕಬೇಕು. ನಮ್ಮ ದೇಶದ ಗ್ರಿಡ್ ನಿಯಮದಂತೆ ೪೦೦ ಕಿಲೋವೋಲ್ಟಿನ ಮಾರ್ಗದಲ್ಲಿ ದೋಷವು ೧೦೦ ಮಿಲಿಸೆಕೆಂಡುಗಳಲ್ಲಿ, ಅಂದರೆ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ, ನಿವಾರಣೆಯಾಗತಕ್ಕದ್ದು. ೨೨೦ ಕಿಲೋವೋಲ್ಟಿನಲ್ಲಿ ೧೬೦ ಮಿಲಿಸೆಕೆಂಡು. ಕಣ್ಣೆವೆ ಮುಚ್ಚಿ ತೆರೆಯುವುದಕ್ಕೂ ಇದಕ್ಕಿಂತ ಹೆಚ್ಚು ಕಾಲ ಬೇಕಾದೀತು.

ಹೀಗೆ ಕಡಿಯುವಾಗ ಪ್ರವಾಹವು ಸುಮ್ಮನೆ ನಿಲ್ಲುವುದಿಲ್ಲ. ಅಗಲಿದ ಕಾಂಟ್ಯಾಕ್ಟುಗಳ ನಡುವೆ ಆರ್ಕ್ ಎಂಬ ಜ್ವಾಲೆ ಹುಟ್ಟುತ್ತದೆ. ಅದರ ಶಾಖವು ಹತ್ತು ಸಾವಿರ ಡಿಗ್ರಿಯನ್ನೂ ಮೀರುವುದುಂಟು. ಆ ಜ್ವಾಲೆಯನ್ನು ಆರಿಸಲು ಹಿಂದೆ ಎಣ್ಣೆಯನ್ನೂ ಒತ್ತಿದ ಗಾಳಿಯನ್ನೂ ಉಪಯೋಗಿಸುತ್ತಿದ್ದರು. ಈಗ ದೊಡ್ಡ ವೋಲ್ಟೇಜಿನಲ್ಲಿ ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲವೂ, ೧೧ ಮತ್ತು ೩೩ ಕಿಲೋವೋಲ್ಟುಗಳಲ್ಲಿ ನಿರ್ವಾತದ ಕೊಳವೆಯೂ ಬಳಕೆಯಲ್ಲಿವೆ. ಪ್ರತಿ ಸಲವೂ ಈ ಅಗ್ನಿಯನ್ನು ನುಂಗುವ ಭಾಗಗಳು ಸವೆಯದೆ ಇರುವುದು ಸಾಧ್ಯವೇ? ತಾಮ್ರ ಮತ್ತು ಟಂಗ್‌ಸ್ಟನ್ನುಗಳಿಂದ ಮಾಡಿದ ಆರ್ಕ್ ಕಾಂಟ್ಯಾಕ್ಟಿನ ತುದಿ ಕರಗಿ ಮೊಂಡಾಗುತ್ತದೆ. ಅನಿಲವನ್ನು ಜ್ವಾಲೆಯ ಮೇಲೆ ಊದುವ ಟೆಫ್ಲಾನಿನ ನಾಜಲ್ಲಿನ ರಂಧ್ರವು ಸುಟ್ಟು ಅಗಲವಾಗುತ್ತದೆ. ರಂಧ್ರ ಅಗಲವಾದಂತೆ ಊದುವ ಬಲ ಕುಗ್ಗುತ್ತದೆ. ಬಲ ಕುಗ್ಗಿದರೆ ಜ್ವಾಲೆ ಆರುವುದಿಲ್ಲ.

ಇದು ದುಡಿದು ಸವೆಯುವ ರೀತಿಯಾಯಿತು. ಕೆಲಸವಿಲ್ಲದೆ ಕೆಡುವ ರೀತಿಯೂ ಒಂದುಂಟು. ಬ್ರೇಕರು ತಿಂಗಳುಗಟ್ಟಲೆ ಮುಚ್ಚಿದ ಸ್ಥಿತಿಯಲ್ಲಿಯೇ ನಿಂತಿರುತ್ತದೆ. ಈ ಅವಧಿಯಲ್ಲಿ ಅದರ ಕೀಲುಗಳ ಗ್ರೀಸು ಒಣಗಿ ಗಟ್ಟಿಯಾಗುತ್ತದೆ, ರಬ್ಬರಿನ ಗ್ಯಾಸ್ಕೆಟ್ಟುಗಳು ಬಿರುಸಾಗಿ ಅನಿಲವು ಸೋರತೊಡಗುತ್ತದೆ, ತೇವವು ಒಳನುಗ್ಗುತ್ತದೆ, ಸ್ಪ್ರಿಂಗಿನ ಬಿಗಿ ಸಡಿಲುತ್ತದೆ, ಟ್ರಿಪ್ ಕಾಯಿಲಿನ ತಂತಿ ಯಾರಿಗೂ ತಿಳಿಯದಂತೆ ಕಡಿದಿರುತ್ತದೆ. ಸಿಗ್ರೆ ಎಂಬ ಅಂತರರಾಷ್ಟ್ರೀಯ ವಿದ್ಯುತ್ ತಜ್ಞರ ಸಂಸ್ಥೆಯು ೨೦೦೪ರಿಂದ ೨೦೦೭ರ ವರೆಗೆ ಅನೇಕ ದೇಶಗಳ ಬ್ರೇಕರುಗಳ ವಿಷಯದಲ್ಲಿ ವಿಚಾರಣೆ ನಡೆಸಿ, ದೊಡ್ಡ ವೈಫಲ್ಯಗಳಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಹುಟ್ಟುವುದು ಕಾಂಟ್ಯಾಕ್ಟನ್ನು ಎಳೆಯುವ ಚಾಲಕ ಯಂತ್ರದಲ್ಲಿಯೇ ಎಂದು ಕಂಡುಕೊಂಡಿತು. ಅರ್ಥಾತ್, ಜ್ವಾಲೆಯನ್ನು ಎದುರಿಸುವ ಭಾಗಕ್ಕಿಂತಲೂ ಅದನ್ನು ಚಲಿಸುವ ಸನ್ನೆ, ಸ್ಪ್ರಿಂಗು, ಕೀಲುಗಳೇ ಹೆಚ್ಚಾಗಿ ಕೈಕೊಡುತ್ತವೆ.

ಬ್ರೇಕರು ಎಷ್ಟು ಸಲ ತೆರೆದು ಮುಚ್ಚಿತು ಎಂಬುದನ್ನು ತೋರಿಸುವ ಎಣಿಕೆಯಂತ್ರವು ಅದರ ಮೈಮೇಲೆಯೇ ಇರುತ್ತದೆ. ಅನೇಕರು ಆ ಸಂಖ್ಯೆಯನ್ನು ನೋಡಿ ತೃಪ್ತರಾಗುತ್ತಾರೆ. ಅಂತರರಾಷ್ಟ್ರೀಯ ಮಾನದಂಡವು ಸಾಮಾನ್ಯ ವರ್ಗದ ಬ್ರೇಕರಿಗೆ ೨,೦೦೦ ಸಲ, ಹೆಚ್ಚಿನ ವರ್ಗದ ಬ್ರೇಕರಿಗೆ ೧೦,೦೦೦ ಸಲ ಎಂದು ಯಾಂತ್ರಿಕ ಬಾಳಿಕೆಯನ್ನು ನಿಗದಿಮಾಡಿರುವುದು ನಿಜ. ಆದರೆ ಅದು ಚಾಲಕ ಯಂತ್ರದ ಲೆಕ್ಕ. ಕಾಂಟ್ಯಾಕ್ಟಿನ ಲೆಕ್ಕ ಬೇರೆ. ಸಾಮಾನ್ಯ ಹೊರೆಯ ಪ್ರವಾಹವನ್ನು ಸಾವಿರಾರು ಸಲ ಕಡಿದರೂ ಸವೆಯದ ಕಾಂಟ್ಯಾಕ್ಟು, ಪೂರ್ಣಬಲದ ಷಾರ್ಟ್ ಸರ್ಕಿಟ್ಟನ್ನು ಕೆಲವೇ ಸಲ ಕಡಿದರೆ ಮುಗಿದುಹೋಗುತ್ತದೆ. ಎಷ್ಟು ಸಲ ದುಡಿಯಿತು ಎಂಬುದಲ್ಲ, ಪ್ರತಿ ಸಲವೂ ಎಷ್ಟು ಸಾವಿರ ಆಂಪಿಯರನ್ನು ನುಂಗಿತು ಎಂಬುದೇ ಮುಖ್ಯ. ಮಳೆಗಾಲದಲ್ಲಿ ಸಿಡಿಲು ಮರಗಳ ಕಾಟಕ್ಕೆ ಗುರಿಯಾಗುವ ಮಲೆನಾಡಿನ ಮಾರ್ಗದ ಬ್ರೇಕರಿಗೂ ಬಯಲು ಸೀಮೆಯ ಮಾರ್ಗದ ಬ್ರೇಕರಿಗೂ ಒಂದೇ ಪಂಚಾಂಗ ಹಿಡಿದು ದುರಸ್ತಿಯ ಮುಹೂರ್ತ ಇಡುವುದು ಅದಕ್ಕಾಗಿಯೇ ಯುಕ್ತವಲ್ಲ.

ಬ್ರೇಕರೊಂದು ಆಜ್ಞೆಯನ್ನು ಪಾಲಿಸದಿದ್ದರೆ ಆಗುವುದೇನು? ದೋಷವು ಉಳಿದುಕೊಳ್ಳುತ್ತದೆ, ಟ್ರಾನ್ಸ್‌ಫಾರ್ಮರುಗಳು ಅಪಾಯಕ್ಕೆ ಸಿಕ್ಕುತ್ತವೆ. ಅದನ್ನು ತಪ್ಪಿಸಲು ಎರಡನೆಯ ಕಾವಲೊಂದನ್ನು ಇಟ್ಟಿರುತ್ತಾರೆ. ಒಂದು ಬ್ರೇಕರು ತೆರೆಯದೆ ಹೋದರೆ, ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಕಾದು, ಅದೇ ಬಸ್ಸಿಗೆ ಸೇರಿದ ಉಳಿದೆಲ್ಲ ಬ್ರೇಕರುಗಳನ್ನೂ ಆ ಕಾವಲು ತೆರೆದುಬಿಡುತ್ತದೆ. ಯಂತ್ರಗಳು ಉಳಿಯುತ್ತವೆ ನಿಜ. ಆದರೆ ಒಂದು ಮಾರ್ಗದಲ್ಲಿ ಮುಗಿಯಬೇಕಾಗಿದ್ದ ತೊಂದರೆಯು ಆ ಬಸ್ಸನ್ನು ನಂಬಿದ ಯಾವತ್ತೂ ಊರುಗಳಿಗೆ, ಆಸ್ಪತ್ರೆಗಳಿಗೆ, ಕುಡಿಯುವ ನೀರಿನ ಪಂಪುಗಳಿಗೆ ಹಬ್ಬುತ್ತದೆ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ತರಬೇಕಾದ ಪ್ರಸಂಗವಿದು.

ಇದು ಬರಿಯ ಊಹೆಯಲ್ಲ. ೧೯೭೭ರ ಜುಲೈ ೧೩ರ ರಾತ್ರಿ ಅಮೆರಿಕೆಯ ನ್ಯೂಯಾರ್ಕ್ ನಗರವು ಕತ್ತಲೆಯಲ್ಲಿ ಮುಳುಗಿತು. ನಗರದ ಉತ್ತರಕ್ಕಿರುವ ಬ್ಯೂಕನನ್ ಸೌತ್ ಸಬ್‌ಸ್ಟೇಷನ್ನಿನ ಮೇಲೆ ಸಿಡಿಲು ಬಿದ್ದು ಎರಡು ಬ್ರೇಕರುಗಳು ತೆರೆದವು. ತೆರೆದುದು ಸರಿಯೇ, ಆದರೆ ಮತ್ತೆ ಮುಚ್ಚಿಕೊಳ್ಳಬೇಕಾಗಿದ್ದ ಬ್ರೇಕರು ಮುಚ್ಚಿಕೊಳ್ಳಲಿಲ್ಲ. ಸಡಿಲವಾಗಿದ್ದ ಒಂದು ನಟ್ಟೂ, ಸಕಾಲಕ್ಕೆ ನಡೆಯದೆ ಹೋದ ಸುಧಾರಣೆಯ ಕೆಲಸವೂ ಅದಕ್ಕೆ ಕಾರಣವಾದುವು. ಮೇಲಿಂದ ಮೇಲೆ ಬಿದ್ದ ಸಿಡಿಲುಗಳೂ ನಿಯಂತ್ರಣದ ಕೋಣೆಯಲ್ಲಿಯ ಗೊಂದಲವೂ ಸೇರಿ ಸುಮಾರು ಒಂದು ಗಂಟೆಯೊಳಗೆ ನಗರದ ವಿದ್ಯುತ್ ವ್ಯವಸ್ಥೆ ಪೂರ್ತಿ ನಿಂತುಹೋಯಿತು. ಅದು ಮತ್ತೆ ಸರಿಹೋಗಲು ಇಪ್ಪತ್ತೈದು ಗಂಟೆಗಳಷ್ಟು ಹಿಡಿಯಿತು. ಆ ನಡುವೆ ನಡೆದ ಲೂಟಿಯಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಬಂಧಿತರಾದರು. ಎಲ್ಲವೂ ಆ ಒಂದು ನಟ್ಟಿನಿಂದಲೇ ಆಯಿತೆನ್ನುವುದು ನ್ಯಾಯವಲ್ಲ. ಆದರೆ ಮೊದಲಿನ ಕೊಂಡಿಗಳಲ್ಲಿ ಅದೂ ಒಂದಾಗಿತ್ತೆಂಬುದನ್ನು ಮರೆಯುವುದೂ ನ್ಯಾಯವಲ್ಲ.

ಅಂದಿನ ಕಾಲದ ಮಾತು ಹಳತಾಯಿತೆನ್ನುವವರು ಮೊನ್ನೆ ಮೊನ್ನೆಯ ಲಂಡನ್ನಿನ ಪ್ರಕರಣವನ್ನು ನೋಡಬಹುದು. ೨೦೨೫ರ ಮಾರ್ಚ್ ೨೦ರ ರಾತ್ರಿ ಪಶ್ಚಿಮ ಲಂಡನ್ನಿನ ನಾರ್ತ್ ಹೈಡ್ ಸಬ್‌ಸ್ಟೇಷನ್ನಿನಲ್ಲಿ ಬೆಂಕಿ ಹೊತ್ತಿತು. ಮರುದಿನ ಹೀಥ್ರೋ ವಿಮಾನ ನಿಲ್ದಾಣವು ಮುಚ್ಚಿತು. ಸುಮಾರು ೭೦ ಸಾವಿರ ಗ್ರಾಹಕರ ವಿದ್ಯುತ್ ಹೋಯಿತು. ಎರಡು ಲಕ್ಷಕ್ಕೂ ಹೆಚ್ಚು ಪ್ರಯಾಣಿಕರು ತೊಂದರೆಗೀಡಾದರು. ಅಲ್ಲಿ ಕೆಟ್ಟದ್ದು ಬ್ರೇಕರಲ್ಲ. ೨೭೫ ಕಿಲೋವೋಲ್ಟಿನ ಟ್ರಾನ್ಸ್‌ಫಾರ್ಮರಿಗೆ ತಂತಿಯನ್ನು ಒಯ್ಯುವ ಬುಷಿಂಗು. ಆದರೆ ಪಾಠ ಒಂದೇ. ಆ ದೇಶದ ಗ್ರಿಡ್ ವ್ಯವಸ್ಥಾಪಕ ಸಂಸ್ಥೆಯು ಅದೇ ವರ್ಷದ ಜುಲೈಯಲ್ಲಿ ಪ್ರಕಟಿಸಿದ ವರದಿಯು, ಬುಷಿಂಗಿನ ಎಣ್ಣೆಯಲ್ಲಿ ಮಿತಿಮೀರಿದ ತೇವವಿದೆಯೆಂಬುದು ೨೦೧೮ರ ಜುಲೈ ತಿಂಗಳ ಪರೀಕ್ಷೆಯಲ್ಲಿಯೇ ಕಂಡುಬಂದಿತ್ತೆಂದು ಬಯಲಿಗಿಟ್ಟಿತು. ಅಂಥ ಫಲಿತಾಂಶ ಬಂದರೆ ಆ ಭಾಗವನ್ನು ಬದಲಾಯಿಸತಕ್ಕದ್ದೆಂಬ ನಿರ್ದೇಶವೂ ಇತ್ತು. ಆದರೂ ಬದಲಾಯಿಸಲಿಲ್ಲ, ೨೦೨೨ರಲ್ಲಿ ಆಗಬೇಕಾಗಿದ್ದ ಸಾಮಾನ್ಯ ದುರಸ್ತಿಯೂ ಮುಂದಕ್ಕೆ ಹೋಯಿತು.

ಅಲ್ಲಿ ವಿದ್ಯೆಯ ಕೊರತೆ ಇರಲಿಲ್ಲ, ಉಪಕರಣದ ಕೊರತೆ ಇರಲಿಲ್ಲ, ಹಣದ ಕೊರತೆಯೂ ಇರಲಿಲ್ಲ. ಪರೀಕ್ಷೆ ನಡೆದಿತ್ತು, ಫಲಿತಾಂಶ ಕಡತದಲ್ಲಿ ಸೇರಿತ್ತು. ಕಡತದಿಂದ ಕೈಗೆ ಬರುವ ದಾರಿಯೊಂದೇ ಇರಲಿಲ್ಲ. ರೋಗವನ್ನು ಕಂಡುಹಿಡಿದು ಚೀಟಿಯಲ್ಲಿ ಬರೆದು ಪೆಟ್ಟಿಗೆಯಲ್ಲಿಟ್ಟ ಮಾತ್ರಕ್ಕೆ ರೋಗಿಯು ಗುಣವಾಗುವನೇ? ದೋಷವನ್ನು ಕಂಡವರು ಒಬ್ಬರು, ಅದನ್ನು ತೆಗೆಯಲು ಅಪ್ಪಣೆ ಕೊಡತಕ್ಕವರು ಇನ್ನೊಬ್ಬರು, ಅದಕ್ಕೆ ಹಣ ಮಂಜೂರು ಮಾಡತಕ್ಕವರು ಮತ್ತೊಬ್ಬರು ಎಂದಾದಲ್ಲಿ, ನಡುವೆ ಏಳು ವರ್ಷಗಳು ಸದ್ದಿಲ್ಲದೆ ಜಾರಿಹೋಗುವುದು ಆಶ್ಚರ್ಯವಲ್ಲ. ಕಚೇರಿಗಳ ರೀತಿಯನ್ನು ಬಲ್ಲ ನಮ್ಮ ವಾಚಕರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ.

ಇಂಥ ಕೆಲಸವು ಎಲ್ಲೆಡೆಯೂ ಮುಂದಕ್ಕೆ ಬೀಳುವುದಕ್ಕೆ ಮೂರು ಕಾರಣಗಳುಂಟು. ಮೊದಲನೆಯದು ನಿಲುಗಡೆ. ಬ್ರೇಕರನ್ನು ಬಿಚ್ಚಬೇಕಾದರೆ ಮಾರ್ಗವನ್ನು ನಿಲ್ಲಿಸಬೇಕು; ಲೈನ್ ಕ್ಲಿಯರ್ ಪಡೆಯಬೇಕು; ಎರಡೂ ಕಡೆ ಬೇರ್ಪಡಿಸಿ ಭೂಮಿಗೆ ಕೂಡಿಸಬೇಕು; ಸ್ಪ್ರಿಂಗಿನಲ್ಲಿ ಬಿಗಿದಿಟ್ಟ ಬಲವನ್ನು ಬಿಟ್ಟುಬಿಡಬೇಕು. ಅನಿಲವನ್ನು ಗಾಳಿಗೆ ಬಿಡದೆ ಯಂತ್ರದಿಂದ ಹಿಂದಕ್ಕೆ ಸೆಳೆದುಕೊಳ್ಳಬೇಕು. ಜ್ವಾಲೆಯಿಂದ ಒಡೆದ ಅನಿಲವು ಒಳಗೆ ಬಿಟ್ಟುಹೋಗುವ ಬಿಳಿಯ ಪುಡಿ ವಿಷವಾದುದರಿಂದ ಮುಖಕ್ಕೂ ಕೈಗೂ ರಕ್ಷಣೆ ಬೇಕು. ಹೊಸ ಕಾಂಟ್ಯಾಕ್ಟು, ನಾಜಲ್ಲು, ಗ್ಯಾಸ್ಕೆಟ್ಟು, ತೇವವನ್ನು ಹೀರುವ ವಸ್ತು ಇವುಗಳನ್ನು ಕೂಡಿಸಿದ ಮೇಲೆ ಕಾಂಟ್ಯಾಕ್ಟಿನ ರೋಧವನ್ನೂ, ತೆರೆಯುವ ಮುಚ್ಚುವ ಕಾಲವನ್ನೂ, ಅನಿಲದ ಶುದ್ಧಿಯನ್ನೂ ಅಳೆಯಬೇಕು. ಇದು ಒಂದು ಗಂಟೆಯ ಕೆಲಸವಲ್ಲ. ಹೀಗಿರಲು, ನಿಲುಗಡೆಯ ಪ್ರಕಟಣೆ ಬಂದೊಡನೆ ನಾಗರಿಕರು ಗೊಣಗುತ್ತಾರೆ. ಪ್ರಮುಖರೊಬ್ಬರು ಟೆಲಿಫೋನು ಮಾಡುತ್ತಾರೆ. ಪರೀಕ್ಷೆಯ ಕಾಲ, ಹಬ್ಬದ ಕಾಲ, ಬೇಸಗೆಯ ಕಾಲ ಎಂಬ ಕಾರಣಗಳು ಒಂದರ ಹಿಂದೊಂದು ಬರುತ್ತವೆ. ಎಂಜಿನಿಯರನು ಕೈಕಟ್ಟಿ ಕೂಡುತ್ತಾನೆ. ಒಂದು ದಿನದ ಕತ್ತಲೆಯನ್ನು ಸಹಿಸದ ನಾವು ಮುಂದಿನ ಹತ್ತು ದಿನಗಳ ಕತ್ತಲೆಯನ್ನು ಸಾಲವಾಗಿ ತರುತ್ತಿದ್ದೇವೆಂಬುದು ಆಗ ಯಾರಿಗೂ ಹೊಳೆಯುವುದಿಲ್ಲ. ಈ ತಪ್ಪಿನಲ್ಲಿ ಸರಕಾರದಷ್ಟೇ ಪಾಲು ಸಾರ್ವಜನಿಕರಿಗೂ ಉಂಟು.

ಎರಡನೆಯದು ಹಣದ ಲೆಕ್ಕ. ವಿದ್ಯುತ್ ದರ ನಿಗದಿಯ ಈಗಿನ ಪದ್ಧತಿಯಲ್ಲಿ ಹೊಸದಾಗಿ ತೊಡಗಿಸಿದ ಬಂಡವಾಳಕ್ಕೆ ಪ್ರತಿಫಲವು ಸಲ್ಲುತ್ತದೆ. ದುರಸ್ತಿಯ ಖರ್ಚಾದರೋ ನಿಗದಿಯಾದ ಮಿತಿಯೊಳಗೆ ಅಡಗಬೇಕು. ಆದುದರಿಂದ ಹೊಸದನ್ನು ಕಟ್ಟುವುದರಲ್ಲಿ ಇರುವ ಉತ್ಸಾಹವು ಹಳೆಯದನ್ನು ಕಾಯುವುದರಲ್ಲಿ ಸಹಜವಾಗಿಯೇ ಇರುವುದಿಲ್ಲ. ಇದು ಯಾವ ಒಬ್ಬ ಅಧಿಕಾರಿಯ ದೋಷವೂ ಅಲ್ಲ, ಲೆಕ್ಕದ ರೀತಿಯ ದೋಷ. ಈ ವಿಷಯವನ್ನು ವಿದ್ಯುತ್ ನಿಯಂತ್ರಣ ಆಯೋಗವು ಮನಸ್ಸಿಗೆ ತಂದುಕೊಳ್ಳುವುದು ಉಚಿತ.

ಮೂರನೆಯದು ಬಿಡಿಭಾಗಗಳ ಕೊರತೆ. ಬ್ರೇಕರು ಮೂವತ್ತು ನಲವತ್ತು ವರ್ಷ ಬಾಳುತ್ತದೆ. ಅದನ್ನು ತಯಾರಿಸಿದ ಕಂಪನಿಯು ಅಷ್ಟು ಕಾಲ ಅದೇ ಮಾದರಿಯನ್ನು ತಯಾರಿಸುತ್ತಲೇ ಇರುವುದಿಲ್ಲ. ಮಾದರಿಯು ನಿಂತ ಮೇಲೆ ಒಂದು ನಾಜಲ್ಲಿಗಾಗಿ ಪರದೇಶಕ್ಕೆ ಬರೆದು ತಿಂಗಳುಗಟ್ಟಲೆ ಕಾಯಬೇಕು, ಇಲ್ಲವೆ ಒಂದು ಹಳೆಯ ಬ್ರೇಕರನ್ನು ಬಿಚ್ಚಿ ಇನ್ನೊಂದಕ್ಕೆ ಹೊಂದಿಸಬೇಕು. ಸಲ್ಫರ್ ಹೆಕ್ಸಾಫ್ಲೋರೈಡಿನ ವಿಷಯದಲ್ಲಿ ಈ ಕಷ್ಟ ಮುಂದೆ ಹೆಚ್ಚುವ ಸಂಭವವಿದೆ. ಭೂಮಿಯ ಶಾಖವನ್ನು ಏರಿಸುವುದರಲ್ಲಿ ಆ ಅನಿಲವು ಇಂಗಾಲದ ಡೈಆಕ್ಸೈಡಿಗಿಂತ ೨೦ ಸಾವಿರ ಪಟ್ಟಿಗೂ ಹೆಚ್ಚು ಬಲವುಳ್ಳದ್ದಾಗಿದೆ. ಯೂರೋಪಿಯನ್ ಒಕ್ಕೂಟವು ೨೦೨೪ರ ತನ್ನ ನಿಯಮದಿಂದ ಹೊಸ ಉಪಕರಣಗಳಲ್ಲಿ ಅದರ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸುತ್ತಿದೆ. ಅಲ್ಲಿಯ ಕಾರಖಾನೆಗಳು ಹೊಸ ಮಾದರಿಗಳ ಕಡೆಗೆ ತಿರುಗಿದ ಮೇಲೆ ನಮ್ಮಲ್ಲಿಯ ಹಳೆಯ ಬ್ರೇಕರುಗಳಿಗೆ ಬಿಡಿಭಾಗ ಕೊಡತಕ್ಕವರು ಯಾರು ಎಂಬ ಪ್ರಶ್ನೆಯನ್ನು ಈಗಲೇ ಕೇಳಬೇಕಾಗಿದೆ. ಬ್ರೇಕರುಗಳ ಬಲವನ್ನು ಪರೀಕ್ಷಿಸುವ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯು ೧೯೬೦ರಿಂದ ಬೆಂಗಳೂರಿನಲ್ಲಿದೆ. ಸ್ವಿಚ್‌ಗಿಯರ್ ತಯಾರಿಕೆಯ ಅನುಭವವೂ ಈ ನಾಡಿಗೆ ಉಂಟು. ಕಾಂಟ್ಯಾಕ್ಟು, ನಾಜಲ್ಲು, ಗ್ಯಾಸ್ಕೆಟ್ಟುಗಳನ್ನು ಇಲ್ಲಿಯೇ ಮಾಡಿ, ಇಲ್ಲಿಯೇ ಪರೀಕ್ಷಿಸಿ, ದಾಸ್ತಾನಿಡುವ ಯೋಜನೆಯು ಸ್ವದೇಶಾಭಿಮಾನದ ಮಾತಷ್ಟೇ ಅಲ್ಲ, ವ್ಯವಹಾರಜ್ಞಾನದ ಮಾತೂ ಆಗಿದೆ. ಆದರೆ ಪರೀಕ್ಷೆಯಲ್ಲಿ ಗೆಲ್ಲದ ಬಿಡಿಭಾಗವನ್ನು ಸ್ವದೇಶದ್ದೆಂಬ ಕಾರಣದಿಂದ ಯಾರೂ ಕೂಡಿಸತಕ್ಕದ್ದಲ್ಲ. ಜ್ವಾಲೆಗೆ ಸ್ವದೇಶ ಪರದೇಶಗಳ ಭೇದವಿಲ್ಲ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಇಷ್ಟು ವರ್ಷವಾಯಿತೆಂದು ಎಲ್ಲವನ್ನೂ ಬದಲಾಯಿಸುತ್ತ ಹೋಗುವುದು ದುಂದುಗಾರಿಕೆಯಲ್ಲವೇ ಎಂದು ಕೇಳುವವರಿದ್ದಾರೆ. ಅದು ನಿಜ. ಸರಿಯಾಗಿರುವ ಬ್ರೇಕರನ್ನು ಸುಮ್ಮನೆ ಬಿಚ್ಚಿದರೆ ಧೂಳೂ ತೇವವೂ ಒಳಸೇರಿ ಹೊಸ ದೋಷವೇ ಹುಟ್ಟಬಹುದು. ನಾವು ಹೇಳುವುದು ಕಣ್ಣುಮುಚ್ಚಿ ಬದಲಾಯಿಸುವ ಮಾತನ್ನಲ್ಲ. ಅಳೆದು ನೋಡಿ ಬದಲಾಯಿಸುವ ಮಾತನ್ನು. ಬಿಚ್ಚದೆಯೇ ಸವೆತವನ್ನು ಅಳೆಯುವ ಉಪಾಯಗಳು ಈಗ ಇವೆ. ಕಾಂಟ್ಯಾಕ್ಟು ಚಲಿಸುವಾಗಲೇ ಅದರ ರೋಧವನ್ನು ಗುರುತಿಸಬಹುದು. ಟ್ರಿಪ್ ಕಾಯಿಲಿನ ಪ್ರವಾಹದ ರೇಖೆಯಿಂದ ಕೀಲು ಹಿಡಿದುಕೊಂಡಿರುವುದನ್ನು ಕಾಣಬಹುದು. ಅನಿಲದಲ್ಲಿ ತೇವವೆಷ್ಟು ಎಂಬುದನ್ನು ತಿಳಿಯಬಹುದು. ಅಲ್ಲದೆ, ಸವೆಯದಿದ್ದರೂ ಬದಲಾಯಿಸಬೇಕಾದ ಪ್ರಸಂಗವೂ ಒಂದುಂಟು. ಗ್ರಿಡ್ ಬೆಳೆದಂತೆ ಷಾರ್ಟ್ ಸರ್ಕಿಟ್ಟಿನ ಬಲವೂ ಬೆಳೆಯುತ್ತದೆ. ೪೦ ಸಾವಿರ ಆಂಪಿಯರನ್ನು ಕಡಿಯಲು ಮಾಡಿದ ಬ್ರೇಕರು ಅದಕ್ಕೂ ಮಿಗಿಲಾದ ಪ್ರವಾಹದ ಮುಂದೆ, ಎಷ್ಟು ಹೊಸದಾಗಿದ್ದರೂ, ನಿಲ್ಲಲಾರದು.

ಹಾಗಾದರೆ ಆಗಬೇಕಾದುದೇನು? ನಾಲ್ಕು ವಿಷಯಗಳನ್ನು ನಾವು ಸೂಚಿಸುತ್ತೇವೆ. ಒಂದು: ಪ್ರತಿಯೊಂದು ದೊಡ್ಡ ಬ್ರೇಕರಿಗೂ ಒಂದು ಜಾತಕವಿರಬೇಕು. ಅದು ಕಡಿದ ಪ್ರತಿಯೊಂದು ಷಾರ್ಟ್ ಸರ್ಕಿಟ್ಟಿನ ಬಲ, ನಡೆದ ಪರೀಕ್ಷೆಗಳ ಫಲ, ಬದಲಾಯಿಸಿದ ಭಾಗಗಳು ಅದರಲ್ಲಿ ದಾಖಲಾಗಬೇಕು. ಎರಡು: ಪರೀಕ್ಷೆಯ ಫಲವು ಮಿತಿಯನ್ನು ಮೀರಿದ ದಿನವೇ, ಅದನ್ನು ಸರಿಪಡಿಸುವ ಗಡುವನ್ನೂ ಹೊಣೆಗಾರನಾದ ಅಧಿಕಾರಿಯ ಹೆಸರನ್ನೂ ಕಡತದಲ್ಲಿ ಬರೆಯಬೇಕು. ಗಡುವನ್ನು ಮುಂದಕ್ಕೆ ಹಾಕಬೇಕಾದರೆ ಮೇಲಿನ ಅಧಿಕಾರಿಯು ಕಾರಣವನ್ನು ಬರೆದು ಸಹಿ ಮಾಡಬೇಕು. ಮೌನದಿಂದ ಮುಂದಕ್ಕೆ ಹೋಗುವಂತಿರಬಾರದು. ಮೂರು: ನಿಲುಗಡೆಗಳ ವೇಳಾಪಟ್ಟಿಯನ್ನು ವರ್ಷದ ಆರಂಭದಲ್ಲಿಯೇ ಪ್ರಕಟಿಸಿ, ಯಾರ ಟೆಲಿಫೋನಿಗೂ ಮಣಿಯದೆ ಪಾಲಿಸಬೇಕು. ನಾಲ್ಕು: ಬಾಕಿ ಉಳಿದ ಬದಲಾವಣೆಗಳೆಷ್ಟು ಎಂಬುದನ್ನು, ಹೊಸದಾಗಿ ಕಟ್ಟಿದ ಕೇಂದ್ರಗಳೆಷ್ಟು ಎಂಬುದನ್ನು ಹೇಳುವ ಅದೇ ವಾರ್ಷಿಕ ವರದಿಯಲ್ಲಿ, ಅದೇ ಪುಟದಲ್ಲಿ, ಪ್ರಜೆಗಳ ಮುಂದಿಡಬೇಕು. ಇವುಗಳಲ್ಲಿ ಯಾವುದಕ್ಕೂ ಹೊಸ ಕಾಯಿದೆ ಬೇಕಾಗಿಲ್ಲ. ದೊಡ್ಡ ಮೊತ್ತದ ಹಣವೂ ಬೇಕಾಗಿಲ್ಲ. ಬೇಕಾದುದು ಮನಸ್ಸು.

ಕೊನೆಯದಾಗಿ ಒಂದು ಮಾತು. ಸಬ್‌ಸ್ಟೇಷನ್ನಿನ ಅಂಗಳದಲ್ಲಿ ಹಗಲಿರುಳೆನ್ನದೆ ನಡೆದಾಡುವ ಆಪರೇಟರನೂ, ಮಳೆಯಲ್ಲಿ ಕಂಬವೇರುವ ಲೈನ್‌ಮನ್ನನೂ, ಬ್ರೇಕರು ತನ್ನ ಕರ್ತವ್ಯವನ್ನು ಮಾಡುವುದೆಂಬ ನಂಬಿಕೆಯ ಮೇಲೆ ಪ್ರಾಣವನ್ನಿಟ್ಟಿರುತ್ತಾರೆ. ನಮಗೆ ಬ್ರೇಕರಿನ ವೈಫಲ್ಯವೆಂದರೆ ಕೆಲವು ಗಂಟೆಗಳ ಕತ್ತಲೆ. ಅವರಿಗೆ ಅದು ಸಿಡಿದ ಪಿಂಗಾಣಿಯ ಚೂರು, ಉರಿಯುವ ಎಣ್ಣೆ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕುವ ಪದ್ಧತಿಯ ಬೆಲೆಯನ್ನು ಮೊದಲು ತೆರುವವರು ಅವರೇ. ಅಧಿಕಾರಿವರ್ಗವು ಮುಂದಿನ ವರ್ಷದ ಮುಂಗಡಪತ್ರವನ್ನು ಸಿದ್ಧಪಡಿಸುವಾಗ ಹೊಸ ಕೇಂದ್ರಗಳ ಪಟ್ಟಿಯ ಜೊತೆಗೆ ಸವೆದ ಭಾಗಗಳ ಪಟ್ಟಿಯನ್ನೂ ತರಿಸಿ ನೋಡಲಿ. ಮುಂದಿನ ನಿಲುಗಡೆಯ ಪ್ರಕಟಣೆಯನ್ನು ಓದಿದ ನಾಗರಿಕರು, ಕೆಲಸವು ಪೂರ್ತಿಯಾಯಿತೇ ಎಂದು ಮರುದಿನ ಕೇಳಲಿ. ನಿಲ್ಲಿಸಿದ್ದೇಕೆ ಎಂದು ಕೇಳುವುದಕ್ಕಿಂತ ಈ ಪ್ರಶ್ನೆಯಿಂದ ನಾಡಿಗೆ ಹೆಚ್ಚಿನ ಪ್ರಯೋಜನವಾದೀತು.